ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು: ಸಾಫ್ಟ್‌ಬಾಲ್ ಅಂಪೈರಿಂಗ್‌ನ ತೊಡಕುಗಳು

ಕೊಡಗಿನಲ್ಲಿ ಸಾಫ್ಟ್‌ಬಾಲ್ ಕಲಿಸುವವರಿಗೂ ಅಂಪೈರಿಂಗಿಗೆ ಇಳಿಯುವವರಿಗೂ ಹಾಕಿಯ ಕಣ್ಣು ಮೊದಲೇ ಇರುತ್ತದೆ. ಕೌಟುಂಬಿಕ ಹಾಕಿ ನೋಡಿ ಬೆಳೆದ ಊರು ಇದು. ತಪ್ಪು ಕಂಡರೆ ಸೀಟಿ ಊದುವುದು ಇಲ್ಲಿ ರಕ್ತದಲ್ಲೇ ಇದೆ. ಸಾಫ್ಟ್‌ಬಾಲ್ ಹಾಗಲ್ಲ. ಕೆಲವು ತಪ್ಪಿಗೆ ಆ ಕ್ಷಣವೇ ಕೂಗಬೇಕು, ಕೆಲವಕ್ಕೆ ಕೈ ಚಾಚಿ ಕಾಯಬೇಕು, ಇನ್ನು ಕೆಲವನ್ನು ಕಣ್ಣಾರೆ ಕಂಡರೂ ಬಾಯಿ ಬಿಡಬಾರದು. ಹೊಸ ಅಂಪೈರ್‌ಗಳ ಎಡವಟ್ಟುಗಳಲ್ಲಿ ಹೆಚ್ಚಿನವು ನಿಯಮ ಗೊತ್ತಿಲ್ಲದೆ ಆಗುವುದಿಲ್ಲ, ಹೊತ್ತು ತಪ್ಪಿ ಆಗುತ್ತವೆ.

ತಕ್ಷಣ ಕೂಗಬೇಕಾದದ್ದು ಇನ್‌ಫೀಲ್ಡ್ ಫ್ಲೈ: ಮೇಲೆದ್ದ ಸುಲಭ ಚೆಂಡಿಗೆ ಕ್ಯಾಚ್‌ಗೆ ಮೊದಲೇ ಬ್ಯಾಟರ್ ಔಟ್ ಎನ್ನುವ ನಿಯಮ. ಎರಡು ಔಟ್ ಆಗಿರಬಾರದು. ಒಂದು ಮತ್ತು ಎರಡನೇ ಬೇಸ್‌ನಲ್ಲಿ, ಅಥವಾ ಮೂರರಲ್ಲೂ ರನ್ನರ್ ಇರಬೇಕು. ಚೆಂಡು ಇನ್‌ಫೀಲ್ಡರ್ (ಬೇಸ್‌ಗಳ ಬಳಿ ನಿಲ್ಲುವ ಫೀಲ್ಡರ್) ಸಲೀಸಾಗಿ ಹಿಡಿಯುವಂತೆ ಮೇಲೆದ್ದಿರಬೇಕು. ನೇರವಾಗಿ ಹಾರುವ ಲೈನ್ ಡ್ರೈವ್‌ಗೂ ಬ್ಯಾಟ್ ಬೀಸದೆ ಮೆಲ್ಲನೆ ತಟ್ಟುವ ಬಂಟ್‌ಗೂ ಇದು ಅನ್ವಯಿಸದು. ಈ ನಿಯಮ ಇಲ್ಲದಿದ್ದರೆ ಫೀಲ್ಡರ್ ಬೇಕೆಂದೇ ಕ್ಯಾಚ್ ಬಿಟ್ಟು ಒಂದೇ ಏಟಿಗೆ ಇಬ್ಬರನ್ನು ಔಟ್ ಮಾಡಬಹುದು. ಚೆಂಡು ಮೇಲೆ ನಿಂತಂತೆ ಕಾಣುವ ಹೊತ್ತಿಗೇ ‘ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್’ ಎಂದು ಜೋರಾಗಿ ಹೇಳಿ. ಗೆರೆಯ ಹತ್ತಿರವಿದ್ದರೆ ‘ಫೇರ್ ಆದರೆ’ (ಚೆಂಡು ಗೆರೆಯೊಳಗೇ ಉಳಿದರೆ) ಎಂಬ ಮಾತನ್ನೂ ಸೇರಿಸಿ.

ಕೂಗಿದ ಮೇಲೆ ಆಟ ನಿಂತಿತು ಎಂದುಕೊಳ್ಳುವ ಕೋಚ್‌ಗಳು ಬಹಳ. ಚೆಂಡು ಇನ್ನೂ ಆಟದಲ್ಲೇ ಇರುತ್ತದೆ. ಹಿಡಿದರೆ ರನ್ನರ್ ಬೇಸ್ ಮುಟ್ಟಿಕೊಂಡೇ ಹೊರಡಬೇಕು. ಕೈಜಾರಿದರೆ ತನ್ನ ಹೊಣೆಯಲ್ಲಿ ಓಡಬಹುದು. ಆದರೆ ಬ್ಯಾಟರ್ ಆಗಲೇ ಔಟ್ ಆದ್ದರಿಂದ ಫೋರ್ಸ್ (ಹಿಂದಿನವರಿಗೆ ಜಾಗ ಬಿಡಲು ಮುಂದಿನ ಬೇಸ್‌ಗೆ ಓಡಲೇಬೇಕಾದ ಸ್ಥಿತಿ) ಇಲ್ಲ, ಬೇಸ್ ತುಳಿದರೆ ಸಾಲದು, ರನ್ನರ್‌ನನ್ನೇ ಟ್ಯಾಗ್ ಮಾಡಬೇಕು, ಅಂದರೆ ಚೆಂಡಿನಿಂದ ಮುಟ್ಟಬೇಕು. ಯಾರೂ ಮುಟ್ಟದ ಚೆಂಡು ಮೊದಲ ಅಥವಾ ಮೂರನೇ ಬೇಸ್ ದಾಟುವ ಮುನ್ನ ಗೆರೆಯಾಚೆ ಹೊರಳಿ ನಿಂತರೆ ಅದು ಬರಿಯ ಫೌಲ್. ಬ್ಯಾಟರ್ ಮತ್ತೆ ಆಡಬೇಕು.

ಕೈ ಚಾಚಿ ಕಾಯಬೇಕಾದದ್ದು ಅಬ್‌ಸ್ಟ್ರಕ್ಷನ್. ಕೈಯಲ್ಲಿ ಚೆಂಡಿಲ್ಲದೆ, ಹೊಡೆದ ಚೆಂಡನ್ನು ಹಿಡಿಯುವ ಯತ್ನದಲ್ಲೂ ಇಲ್ಲದೆ ಫೀಲ್ಡರ್ ರನ್ನರ್‌ನ ದಾರಿಗೆ ಅಡ್ಡ ನಿಂತರೆ, ಚೆಂಡಿಲ್ಲದೆ ಟ್ಯಾಗ್ ಮಾಡುವಂತೆ ನಟಿಸಿದರೆ, ಅದು ಅಬ್‌ಸ್ಟ್ರಕ್ಷನ್. ನಮ್ಮ ಶಾಲಾ ಪಂದ್ಯಗಳಲ್ಲಿ ಥ್ರೋಗೆ ಕಾಯುತ್ತಾ ಹೋಮ್ ಪ್ಲೇಟ್‌ನ ಮೇಲೆಯೇ ಕಾಲೂರುವ ಕ್ಯಾಚರ್‌ನದ್ದೇ ದೊಡ್ಡ ಗೋಳು. ಪ್ಲೇಟ್‌ನ ಮುಂದೆ ಒಂದು ಹೆಜ್ಜೆ ನಿಂತು, ಚೆಂಡು ಗ್ಲೌಸ್‌ಗೆ ಬಂದ ಮೇಲೆ ದಾರಿ ಮುಚ್ಚುವುದನ್ನು ಕೋಚ್ ರೂಢಿ ಮಾಡಿಸಬೇಕು. ಅಂಪೈರ್ ಎಡಗೈಯನ್ನು ಅಡ್ಡಕ್ಕೆ ಚಾಚಿ, ಮುಷ್ಟಿ ಹಿಡಿದು, ಆಟ ಸಾಗಲು ಬಿಡಬೇಕು. ಹಾಕಿಯಲ್ಲಿ ಅಡ್ವಾಂಟೇಜ್ ಕೊಟ್ಟು ಕಾದವರಿಗೆ ಇದು ಬೇಗ ಕೈಗೂಡುತ್ತದೆ. ಅಡ್ಡಿ ಆಗದಿದ್ದರೆ ಯಾವ ಬೇಸ್ ತಲುಪುತ್ತಿದ್ದಳೋ ಅದನ್ನು ಕೊಡುವುದೇ ತೀರ್ಪು. ರನ್ನರ್ ಫೀಲ್ಡರ್‌ಗೆ ಅಡ್ಡಿ ಮಾಡಿದರೆ ಮಾತ್ರ ಲೆಕ್ಕ ತಲೆಕೆಳಗು: ಅದು ಇಂಟರ್‌ಫಿಯರೆನ್ಸ್, ಚೆಂಡು ಆ ಕ್ಷಣವೇ ಡೆಡ್, ಅಂದರೆ ಆಟ ಅಲ್ಲಿಗೇ ನಿಲ್ಲುತ್ತದೆ.

ಬೇಸ್ ಮುಟ್ಟದೆ ಓಡಿದ್ದು, ಕ್ಯಾಚ್‌ಗೆ ಮುಂಚೆಯೇ ಹೊರಟದ್ದು ಅಪೀಲ್‌ನ ವಿಷಯಗಳು. ಎದುರು ತಂಡ ಕೇಳುವವರೆಗೆ ಅಂಪೈರ್ ಬಾಯಿ ತೆರೆಯಬಾರದು, ಆ ಬೇಸ್ ಕಡೆ ದಿಟ್ಟಿಸಿಯೂ ನೋಡಬಾರದು. ಕೇಳಬೇಕಾದದ್ದು ಮುಂದಿನ ಪಿಚ್‌ಗೆ ಮೊದಲು. ಓಟ ಮುಗಿದು ಟೈಮ್ ಕರೆದ ಮೇಲೆ ಇನ್‌ಫೀಲ್ಡರ್ ಕೈಯಲ್ಲಿ ಚೆಂಡಿಲ್ಲದೆಯೂ ಕೇಳಬಹುದು. ಆದರೆ ಯಾವ ರನ್ನರ್, ಯಾವ ಬೇಸ್ ಎಂದು ಬಿಡಿಸಿ ಹೇಳಲು ಮಕ್ಕಳಿಗೆ ಕಲಿಸಿ.

ಸ್ಕೋರರ್ ಮೇಜಿನ ಬಳಿ ಜಗಳ ಹುಟ್ಟುವುದು ಇಲ್ಲೇ. ಒಂದು ಔಟ್, ಎರಡು ಮತ್ತು ಮೂರನೇ ಬೇಸ್‌ನಲ್ಲಿ ರನ್ನರ್‌ಗಳು. ಔಟ್‌ಫೀಲ್ಡ್‌ನಲ್ಲಿ ಕ್ಯಾಚ್. ಮೂರನೆಯದರಿಂದ ಸರಿಯಾಗಿ ಹೊರಟವಳು ಹೋಮ್ ಮುಟ್ಟಿದಳು. ಎರಡನೆಯದರಿಂದ ಅವಸರಪಟ್ಟವಳು ಆಮೇಲೆ ಅಪೀಲ್‌ನಲ್ಲಿ ಮೂರನೇ ಔಟ್ ಆದಳು. ಇದು ಫೋರ್ಸ್ ಅಲ್ಲ, ಹಾಗಾಗಿ ರನ್ ಉಳಿಯುತ್ತದೆ. ಎರಡು ಔಟ್ ಆಗಿದ್ದು, ಹಿಟ್ ಆದಾಗ ಒಂದನೇ ಬೇಸ್‌ನ ರನ್ನರ್ ಎರಡನೆಯದನ್ನು ಮುಟ್ಟದೆ ಹೋಗಿ ಅಪೀಲ್‌ನಲ್ಲಿ ಔಟ್ ಆದರೆ ಅದು ಫೋರ್ಸ್. ಆಗ ರನ್ ಇಲ್ಲ.

ಮಳೆಗಾಲದಲ್ಲಿ ಚೆಂಡು ಒದ್ದೆಯಾಗಿ ಕ್ಯಾಚರ್ ಕೈಯಿಂದ ಜಾರುವುದು ಹೆಚ್ಚು. ಮೂರನೇ ಸ್ಟ್ರೈಕ್ ಹಿಡಿಯದೆ ಹೋದಾಗ, ಮೊದಲ ಬೇಸ್ ಖಾಲಿ ಇದ್ದರೆ, ಅಥವಾ ಎರಡು ಔಟ್ ಆಗಿದ್ದರೆ, ಬ್ಯಾಟರ್ ಓಡಬಹುದು. ಎರಡು ಔಟ್, ಬೇಸ್‌ಗಳೆಲ್ಲ ತುಂಬಿದ್ದರೆ ಮೂರನೇ ಬೇಸ್‌ನವಳೂ ಹೋಮ್‌ಗೆ ಓಡಲೇಬೇಕಾದ್ದರಿಂದ ಕ್ಯಾಚರ್ ದೂರದ ಮೊದಲ ಬೇಸ್‌ಗೆ ಎಸೆಯಬೇಕಿಲ್ಲ, ಚೆಂಡು ಹಿಡಿದು ಹೋಮ್ ಪ್ಲೇಟ್ ತುಳಿದರೆ ಮುಗಿಯಿತು. ಇದು ಎಷ್ಟೋ ಕ್ಯಾಚರ್‌ಗಳಿಗೆ ಗೊತ್ತೇ ಇರುವುದಿಲ್ಲ.

ಕೊನೆಗೆ ಮೈದಾನದ ಮಾತು. ಬೇಸ್‌ಗಳ ನಡುವೆ 60 ಅಡಿ, ಮಹಿಳೆಯರಿಗೆ ಪಿಚಿಂಗ್ ದೂರ 43 ಅಡಿ. ಹೋಮ್‌ನಿಂದ ಎರಡನೇ ಬೇಸ್‌ಗೆ ಟೇಪ್ ಹಿಡಿದಾಗ 84 ಅಡಿ 10¼ ಇಂಚು ಬರದಿದ್ದರೆ ಚೌಕ ಸೊಟ್ಟಗಾಗಿದೆ ಎಂದರ್ಥ. ಹಾಕಿ ಮೈದಾನದಲ್ಲಿ ಆಡಿಸುವಾಗ ಅಗಲ 55 ಮೀಟರ್ ಮಾತ್ರ. ಹೋಮ್ ಅನ್ನು ಮೂಲೆಯಲ್ಲಿ ಇಟ್ಟರೂ ಒಂದು ಬದಿ ಸಾಲದು. ಬೇಲಿ, ಚರಂಡಿ, ಪಕ್ಕದ ಕಾಫಿ ತೋಟ ಎಲ್ಲಿಂದ ಡೆಡ್ ಎಂಬುದನ್ನು ಎರಡೂ ಕೋಚ್‌ಗಳ ಮುಂದೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಥ್ರೋ ತಪ್ಪಿ ಆ ಗೆರೆ ದಾಟಿದರೆ, ಚೆಂಡು ಕೈಬಿಟ್ಟ ಹೊತ್ತಿಗೆ ರನ್ನರ್ ಕೊನೆಯದಾಗಿ ಮುಟ್ಟಿದ್ದ ಬೇಸ್‌ನಿಂದ ಎರಡು ಬೇಸ್ ಕೊಡಬೇಕು.