ದೇವರಿಗೆ ಹೆದರಬೇಕೇ, ದೇವರನ್ನು ಪ್ರೀತಿಸಬೇಕೇ?

ಪ್ರಶ್ನೆ: ಮಗನಿಗೆ ಕಾಯಿಲೆಯಾಗಿದ್ದಾಗ ಮನೆದೇವರಾದ ನರಸಿಂಹಸ್ವಾಮಿಗೆ ಹರಕೆ ಹೊತ್ತಿದ್ದೆವು. ಅವನು ಗುಣವಾದ, ಹರಕೆ ತೀರಿಸುವುದು ಮಾತ್ರ ಹಣಕಾಸಿನ ಅಡಚಣೆಯಿಂದ ಮುಂದಕ್ಕೆ ಹೋಗುತ್ತಲೇ ಇದೆ. ಈಗ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ‘ಸ್ವಾಮಿಗೆ ಸಿಟ್ಟು ಬಂದಿದೆ’ ಎಂದು ಹಿರಿಯರು ಹೇಳುತ್ತಾರೆ. ‘ದೇವರು ಒಳ್ಳೆಯವನಾದರೆ ಅವನಿಗೆ ಯಾಕೆ ಹೆದರಬೇಕು?’ ಎಂದು ಮಗಳು ಕೇಳುತ್ತಾಳೆ. ನಂಬಿದವರು ದೇವರಿಗೆ ಹೆದರಲೇಬೇಕೇ, ಪ್ರೀತಿಸಿ ಗೌರವಿಸಿದರೆ ಸಾಕೇ?

ಉತ್ತರ: ಭಕ್ತಿಯ ತಿರುಳು ಪ್ರೀತಿ. ಆ ಪ್ರೀತಿಯು ದೇವರ ಹಿರಿಮೆಯನ್ನು ಅರಿತು ಹುಟ್ಟಿದ್ದಾಗಿರಬೇಕು ಎಂಬುದು ನಮ್ಮ ಆಚಾರ್ಯರು ಅದಕ್ಕೆ ಹಾಕಿದ ನಿಬಂಧನೆ. ಆ ಹಿರಿಮೆಯ ಎದುರಿನಲ್ಲಿ ಮೈ ನಡುಗುವ ಗಳಿಗೆಗಳೂ ಇವೆ ಮತ್ತು ಅವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ಈಗ ನೆಲೆಯೂರಿರುವುದು ಅಂಥ ನಡುಕವಲ್ಲ, ಬಾಕಿ ಉಳಿಸಿಕೊಂಡವನಿಗೆ ಸಾಲ ಕೊಟ್ಟವನ ಬಗ್ಗೆ ಇರುವಂಥ ಅಂಜಿಕೆ. ಅದನ್ನು ನೀವು ಧೈರ್ಯವಾಗಿ ಬಿಡಬಹುದು. ಇದು ನನ್ನೊಬ್ಬನ ಅನಿಸಿಕೆಯಲ್ಲ. ನಿಮ್ಮ ಮನೆದೇವರ ಕಥೆಯೇ ಇದನ್ನು ಹೇಳುತ್ತದೆ.

ಅದಕ್ಕೂ ಮೊದಲು ನಿಮ್ಮ ಹಿರಿಯರ ಪರವಾಗಿಯೂ ಒಂದು ಮಾತು ಹೇಳಬೇಕು. ದೇವರನ್ನು ಕುರಿತ ಭಯ ಅಜ್ಞಾನಿಗಳ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಉಪನಿಷತ್ತುಗಳಲ್ಲೇ ಆ ಮಾತು ಇದೆ. ಇವನ ಭಯದಿಂದ ಅಗ್ನಿ ಉರಿಯುತ್ತಾನೆ, ಇವನ ಭಯದಿಂದ ಸೂರ್ಯ ಬೆಳಗುತ್ತಾನೆ, ಇಂದ್ರನೂ ವಾಯುವೂ ಕೊನೆಗೆ ಮೃತ್ಯುವೂ ಇವನ ಭಯದಿಂದಲೇ ಓಡಾಡುತ್ತಾರೆ ಎಂದು ಕಠೋಪನಿಷತ್ತು ಹೇಳುತ್ತದೆ. ಪರಬ್ರಹ್ಮವನ್ನು ಅದು ‘ಎತ್ತಿ ಹಿಡಿದ ವಜ್ರಾಯುಧದಂಥ ಮಹಾಭಯ’ ಎಂದೇ ಬಣ್ಣಿಸುತ್ತದೆ. ತೈತ್ತಿರೀಯ ಉಪನಿಷತ್ತಿನಲ್ಲಿಯೂ ಹೆಚ್ಚುಕಡಿಮೆ ಇದೇ ಮಾತು ಬರುತ್ತದೆ. ಆದರೆ ಅಲ್ಲಿ, ಈ ಮಾತಿಗೆ ತುಸು ಮೊದಲು, ಭಯ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ಹೇಳಿದೆ: ಆ ತತ್ತ್ವದಲ್ಲಿ ನೆಲೆ ಕಂಡುಕೊಂಡವನು ಅಭಯವನ್ನು ಪಡೆಯುತ್ತಾನೆ, ಅದಕ್ಕೂ ತನಗೂ ನಡುವೆ ಎಳ್ಳಷ್ಟು ಅಂತರವನ್ನು ಕಲ್ಪಿಸಿಕೊಂಡವನಿಗೆ ಭಯ ಹುಟ್ಟುತ್ತದೆ. ಸೂರ್ಯಚಂದ್ರರನ್ನು ನಡೆಸುವ ಶಕ್ತಿಯ ಎದುರು ಮನುಷ್ಯ ತನ್ನ ಅಳತೆಯನ್ನು ಅರಿಯುವುದು ಒಳ್ಳೆಯದೇ. ಆ ಶಕ್ತಿಯಿಂದ ದೂರ ನಿಂತಷ್ಟೂ ಅದು ಭಯವಾಗಿ ಕಾಣುತ್ತದೆ ಎಂಬುದು ಉಪನಿಷತ್ತಿನ ಎಚ್ಚರಿಕೆ.

ಈಗ ನರಸಿಂಹನ ಕಥೆಗೆ ಬರೋಣ. ಭಾಗವತದ ಏಳನೆಯ ಸ್ಕಂಧದಲ್ಲಿ ಈ ಕಥೆ ಹಿರಣ್ಯಕಶಿಪುವಿನ ಸಾವಿಗೆ ಮುಗಿಯುವುದಿಲ್ಲ. ರಾಕ್ಷಸ ಸತ್ತ ಮೇಲೂ ಸ್ವಾಮಿಯ ಕೋಪ ಇಳಿಯುವುದಿಲ್ಲ. ಬ್ರಹ್ಮರುದ್ರಾದಿಗಳು ದೂರದಲ್ಲೇ ನಿಂತು ಸ್ತುತಿಸುತ್ತಾರೆಯೇ ಹೊರತು ಹತ್ತಿರ ಸುಳಿಯುವ ಧೈರ್ಯ ಯಾರಿಗೂ ಇಲ್ಲ. ದೇವತೆಗಳು ಲಕ್ಷ್ಮೀದೇವಿಯನ್ನೇ ಮುಂದೆ ಹೋಗುವಂತೆ ಬೇಡುತ್ತಾರೆ. ಹಿಂದೆಂದೂ ಕಂಡು ಕೇಳದ ಆ ರೂಪವನ್ನು ಕಂಡು ಅವಳೂ ಶಂಕೆಯಿಂದ ಹಿಂದೆಯೇ ಉಳಿಯುತ್ತಾಳೆ. ಆಗ ಬ್ರಹ್ಮನು ಪಕ್ಕದಲ್ಲಿ ನಿಂತಿದ್ದ ಪ್ರಹ್ಲಾದನಿಗೆ, ಮಗೂ, ನಿನ್ನ ತಂದೆಯ ಮೇಲೆ ಕುಪಿತನಾದ ಸ್ವಾಮಿಯನ್ನು ನೀನೇ ಹೋಗಿ ಶಾಂತಗೊಳಿಸು ಎನ್ನುತ್ತಾನೆ. ಹುಡುಗ ಮೆಲ್ಲನೆ ನಡೆದುಹೋಗಿ ಕೈಮುಗಿದು ನೆಲದ ಮೇಲೆ ಅಡ್ಡಬೀಳುತ್ತಾನೆ. ಕಾಲ ಬಳಿ ಬಿದ್ದ ಮಗುವನ್ನು ಕಂಡು ಕರುಣೆಯುಕ್ಕಿದ ಸ್ವಾಮಿ ಅವನನ್ನು ಎತ್ತಿ ತಲೆಯ ಮೇಲೆ ಕೈಯಿಡುತ್ತಾನೆ.

ಪ್ರಹ್ಲಾದ ಅಲ್ಲಿ ಮಾಡುವ ಸ್ತುತಿಯಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರವಿದೆ. ನಿನ್ನ ಭಯಂಕರವಾದ ಬಾಯಿಗೆ, ನಾಲಿಗೆಗೆ, ಸೂರ್ಯನಂತೆ ಉರಿಯುವ ಕಣ್ಣುಗಳಿಗೆ, ಕೋರೆಹಲ್ಲುಗಳಿಗೆ, ಕೊರಳಲ್ಲಿ ಹಾಕಿಕೊಂಡ ಕರುಳಿನ ಮಾಲೆಗೆ, ದಿಗ್ಗಜಗಳನ್ನೂ ಬೆದರಿಸಿದ ಗರ್ಜನೆಗೆ ನಾನು ಹೆದರುವುದಿಲ್ಲ ಎಂದು ಅವನು ಒಂದೊಂದನ್ನೂ ಹೆಸರಿಸಿ ಹೇಳುತ್ತಾನೆ. ಮರುಶ್ಲೋಕದಲ್ಲೇ, ನಾನು ಹೆದರಿರುವುದು ಈ ಸಂಸಾರಚಕ್ರಕ್ಕೆ, ಅದರಲ್ಲಿ ನನ್ನದೇ ಕರ್ಮಗಳಿಂದ ಕಟ್ಟಿಸಿಕೊಂಡು ಬಿದ್ದಿರುವುದಕ್ಕೆ ಎನ್ನುತ್ತಾನೆ. ಭಯವಿಲ್ಲದವನೆಂದು ಅವನು ಜಂಬ ಕೊಚ್ಚಿಕೊಳ್ಳಲಿಲ್ಲ ಎಂಬುದನ್ನು ಗಮನಿಸಿ. ಭಯ ಅವನಲ್ಲಿಯೂ ಇತ್ತು, ಅದರ ಮುಖ ತಾನು ಮಾಡುವ ಕರ್ಮದ ಕಡೆಗಿತ್ತು. ಅದರಿಂದ ಬಿಡಿಸುವವನು ಎದುರಿಗೆ ನಿಂತಿರುವಾಗ ಅವನಿಗೇ ಹೆದರಲು ಕಾರಣವಿರಲಿಲ್ಲ.

ಮುಂದಿನ ಅಧ್ಯಾಯದಲ್ಲಿ ಸ್ವಾಮಿ ವರ ಕೇಳೆಂದಾಗ ಪ್ರಹ್ಲಾದ ಆಡುವ ಮಾತು ಹರಕೆ ಹೊರುವ ನಮಗೆಲ್ಲ ಬೇಕಾದದ್ದು. ನಿನ್ನಿಂದ ಲಾಭವನ್ನು ಬಯಸಿ ಸೇವೆ ಮಾಡುವವನು ಸೇವಕನಲ್ಲ, ಅವನು ವ್ಯಾಪಾರಿ ಎಂದು ಅವನು ಹೇಳುತ್ತಾನೆ. ಶಿಕ್ಷೆಯ ಭಯವೂ ಲಾಭದ ಆಸೆಯೂ ಒಂದೇ ಲೆಕ್ಕದ ಪುಸ್ತಕದ ಎರಡು ಬದಿಗಳು. ಕೊಟ್ಟರೆ ಕೊಡುತ್ತಾನೆ, ಕೊಡದಿದ್ದರೆ ಕಿತ್ತುಕೊಳ್ಳುತ್ತಾನೆ ಎಂದು ನಂಬಿದವರು ದೇವರನ್ನು ತಮ್ಮಷ್ಟಕ್ಕೇ ಇಳಿಸಿಕೊಂಡಿರುತ್ತಾರೆ. ಹಾಗೆಂದು ಕಷ್ಟದಲ್ಲಿ ಕೂಗಿಕೊಂಡವರನ್ನು ಹೀಗಳೆಯುವುದು ಸಲ್ಲದು. ಸಂಕಟದಲ್ಲಿರುವವನು, ತಿಳಿಯಬಯಸುವವನು, ಸಂಪತ್ತನ್ನು ಬಯಸುವವನು, ಜ್ಞಾನಿ ಎಂದು ತನ್ನನ್ನು ಭಜಿಸುವ ನಾಲ್ಕು ಬಗೆಯವರನ್ನು ಎಣಿಸುವ ಗೀತೆಯ ಕೃಷ್ಣ, ಅವರೆಲ್ಲರೂ ಉದಾತ್ತರೇ ಎನ್ನುತ್ತಾನೆ. ಮಗನ ಹಾಸಿಗೆಯ ಬಳಿ ಕುಳಿತು ಹರಕೆ ಹೊತ್ತ ನೀವೂ ಅವರಲ್ಲಿ ಸೇರಿದ್ದೀರಿ.

ಭಯದಿಂದಲೂ ದೇವರ ನೆನಪು ಬರುತ್ತದೆ, ಅದನ್ನು ಏಕೆ ಬಿಡಬೇಕು ಎಂದು ಕೆಲವರು ಕೇಳುವುದುಂಟು. ಹಾಗೆ ನೆನೆದವನು ಕಂಸ. ಕೂತಲ್ಲಿ, ನಿಂತಲ್ಲಿ, ಉಣ್ಣುವಾಗ, ನಡೆಯುವಾಗ ಅವನಿಗೆ ಜಗತ್ತೆಲ್ಲ ಕೃಷ್ಣಮಯವಾಗಿ ಕಾಣುತ್ತಿತ್ತು ಎಂದು ಭಾಗವತವೇ ಹೇಳುತ್ತದೆ. ಆ ಭಯ ಅವನಿಂದ ಮಾಡಿಸಿದ್ದು ಹಸುಗೂಸುಗಳ ಕೊಲೆಯನ್ನು. ಹೆದರಿದ ಮನಸ್ಸು ತನ್ನನ್ನು ಉಳಿಸಿಕೊಳ್ಳುವುದನ್ನು ಬಿಟ್ಟು ಬೇರೇನನ್ನೂ ಯೋಚಿಸಲಾರದು, ಆದ್ದರಿಂದ ಅದಕ್ಕೆ ಕರುಣೆಯೂ ಕಷ್ಟ, ನ್ಯಾಯವೂ ಕಷ್ಟ.

ಇನ್ನು ಪ್ರೀತಿಯ ಕಡೆಯ ತೊಡಕು. ದೇವರು ನಮ್ಮವನೇ ಎಂಬ ಸಲಿಗೆ ಅಸಡ್ಡೆಗೆ ಇಳಿಯಬಹುದು. ವಿಶ್ವರೂಪವನ್ನು ಕಂಡ ಅರ್ಜುನನಿಗೆ ಕಾಡಿದ್ದು ಇದೇ. ನಿನ್ನ ಮಹಿಮೆಯನ್ನು ಅರಿಯದೆ, ಪ್ರಮಾದದಿಂದಲೋ ಪ್ರೀತಿಯಿಂದಲೋ, ಹೇ ಕೃಷ್ಣ, ಹೇ ಯಾದವ, ಹೇ ಗೆಳೆಯ ಎಂದೆ. ಊಟದಲ್ಲಿ, ಆಟದಲ್ಲಿ, ಮಲಗಿದಲ್ಲಿ ಪರಿಹಾಸ್ಯ ಮಾಡಿದೆ, ಕ್ಷಮಿಸು ಎಂದು ಅವನು ಬೇಡಿಕೊಳ್ಳುತ್ತಾನೆ. ತಂದೆ ಮಗನನ್ನು, ಗೆಳೆಯ ಗೆಳೆಯನನ್ನು, ಪ್ರಿಯನು ಪ್ರಿಯೆಯನ್ನು ಸಹಿಸಿಕೊಳ್ಳುವಂತೆ ಸಹಿಸಿಕೋ ಎನ್ನುವಾಗ, ನಡುಗುತ್ತಿದ್ದರೂ ಅವನು ಆಶ್ರಯಿಸುವುದು ಪ್ರೀತಿಯ ಸಂಬಂಧಗಳನ್ನೇ. ಕೃಷ್ಣನ ಉತ್ತರವೂ ಹೆದರಬೇಡ, ಕಳವಳಪಡಬೇಡ ಎಂಬುದೇ. ಅವನು ಆ ಘೋರರೂಪವನ್ನು ಹಿಂದೆಗೆದುಕೊಂಡು ಅರ್ಜುನನಿಗೆ ಪರಿಚಯವಿದ್ದ ಸೌಮ್ಯರೂಪಕ್ಕೆ ಮರಳುತ್ತಾನೆ. ಕಂಡದ್ದನ್ನು ಮರೆಯಬೇಕಿಲ್ಲ, ಅದರಲ್ಲೇ ಉಳಿಯಬೇಕಾಗಿಯೂ ಇಲ್ಲ.

ಹಿರಿಮೆಯ ಅರಿವು, ಪ್ರೀತಿ ಈ ಎರಡನ್ನೂ ಒಂದೇ ವಾಕ್ಯದಲ್ಲಿ ಹಿಡಿದವರು ಉಡುಪಿಯ ಮಧ್ವಾಚಾರ್ಯರು. ದೇವರ ಮಾಹಾತ್ಮ್ಯದ ಜ್ಞಾನವನ್ನು ಮುಂದಿಟ್ಟುಕೊಂಡ, ಗಟ್ಟಿಯಾದ, ಬೇರೆಲ್ಲಕ್ಕಿಂತ ಹೆಚ್ಚಿನದಾದ ಸ್ನೇಹವೇ ಭಕ್ತಿ ಎಂದು ಅವರು ಮಹಾಭಾರತ ತಾತ್ಪರ್ಯ ನಿರ್ಣಯದ ಮೊದಲ ಅಧ್ಯಾಯದಲ್ಲಿ ಹೇಳುತ್ತಾರೆ. ದೇವರ ಸರ್ವೋತ್ತಮತ್ವವನ್ನು, ಜೀವಾತ್ಮನ ಅಸ್ವಾತಂತ್ರ್ಯವನ್ನು ಇಷ್ಟು ಖಂಡಿತವಾಗಿ ಸಾರಿದ ಆಚಾರ್ಯರು ಭಕ್ತಿಯ ಲಕ್ಷಣದಲ್ಲಿ ಭಯಕ್ಕೆ ಒಂದು ಪದವನ್ನೂ ಕೊಡಲಿಲ್ಲ. ಅವರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ್ದು ಕಡೆಗೋಲು, ಹಗ್ಗ ಹಿಡಿದ ಬಾಲಕೃಷ್ಣನನ್ನು. ಮೊಸರಿನ ಗಡಿಗೆ ಒಡೆದು ತಾಯಿಯ ಕೈಗೆ ಸಿಕ್ಕಿಬಿದ್ದ ಆ ಮಗುವನ್ನು ನೆನೆದು ಕುಂತಿ ಬೆರಗಾಗುತ್ತಾಳೆ: ಭಯವೇ ಯಾರಿಗೆ ಭಯಪಡುತ್ತದೋ ಅವನು ಯಶೋದೆಯ ಕೈಯ ಹಗ್ಗಕ್ಕೆ ಹೆದರಿ, ಕಾಡಿಗೆ ಕಲೆಸಿದ ಕಣ್ಣೀರಿನಲ್ಲಿ ತಲೆ ತಗ್ಗಿಸಿ ನಿಂತಿದ್ದನಲ್ಲ! ಈ ಬೆರಗು ಕುಂತಿಗೆ ಬಂದದ್ದು ಅವನು ಯಾರೆಂದು ಗೊತ್ತಿದ್ದುದರಿಂದ. ಗೊತ್ತಿಲ್ಲದವರಿಗೆ ಅದೊಂದು ತುಂಟ ಹುಡುಗನ ಕಥೆಯಷ್ಟೇ. ಪ್ರೀತಿಗೆ ಮಾಹಾತ್ಮ್ಯದ ಅರಿವು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಹಂಪಿಯಲ್ಲಿ ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ನರಸಿಂಹನನ್ನು ನೀವು ನೋಡಿರಬಹುದು. ಉಗ್ರನರಸಿಂಹ ಎಂದೇ ಜನ ಅದನ್ನು ಕರೆಯುತ್ತಾರೆ. ವಾಸ್ತವದಲ್ಲಿ ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯ ವಿಗ್ರಹ ಭಗ್ನವಾಗಿ, ಸ್ವಾಮಿಯ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಹಿಂದಿನಿಂದ ಹೋಗಿ ನೋಡುವ ಅವಕಾಶ ಸಿಕ್ಕರೆ ನೋಡಿ.

ನಿಮ್ಮ ಹಿರಿಯರ ಮನಸ್ಸಿನಲ್ಲಿ ಇನ್ನೊಂದು ಆತಂಕವಿರಬಹುದು, ಅದು ಹಗುರವಾದದ್ದಲ್ಲ: ದೇವರ ಹೆದರಿಕೆಯೂ ಇಲ್ಲವಾದರೆ ಜನ ಕೆಟ್ಟದ್ದಕ್ಕೆ ಹೇಸುವರೇ? ಇದಕ್ಕೆ 12ನೆಯ ಶತಮಾನದ ಬಸವಣ್ಣನವರ ಬಳಿ ಉತ್ತರವಿದೆ. ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ ಎಂದು ಆರಂಭವಾಗುವ ವಚನ ನಮಗೆಲ್ಲ ಬಾಯಿಪಾಠ. ಅಷ್ಟೂ ಬೇಡಗಳ ಕೊನೆಗೆ, ತಪ್ಪಿದರೆ ಇಂಥ ಶಿಕ್ಷೆ ಎಂದು ಅವರು ಸೇರಿಸುವುದಿಲ್ಲ. ಇದೇ ಕೂಡಲಸಂಗಮದೇವರನ್ನು ಒಲಿಸುವ ಪರಿ ಎಂದು ಮುಗಿಸುತ್ತಾರೆ. ಹಾಗೆಂದು ಅವರ ಭಕ್ತಿ ಸುಲಭದ್ದೆಂದು ತಿಳಿಯಬಾರದು. ಭಕ್ತಿಯೆಂಬುದು ಹೋಗುತ್ತಲೂ ಬರುತ್ತಲೂ ಕೊಯ್ಯುವ ಗರಗಸ ಎಂದು ಎಚ್ಚರಿಸಿದವರೂ ಅವರೇ. ಅಲ್ಲಿ ಅಂಜಬೇಕಾದದ್ದು ತನ್ನೊಳಗಿನ ಸೋಗಿಗೆ. ಶಿಕ್ಷೆಗೆ ಹೆದರಿ ಕಳ್ಳತನ ಬಿಟ್ಟವನು ನೋಡುವವರಿಲ್ಲವೆಂದು ನಂಬಿದ ದಿನ ಮತ್ತೆ ಕದಿಯಬಹುದು. ಒಲಿದವನ ಮನಸ್ಸನ್ನು ನೋಯಿಸಬಾರದೆಂದು ಬಿಟ್ಟವನಿಗೆ ಅಂಥ ದಿನ ಬರುವುದಿಲ್ಲ.

ಹರಿದಾಸರಂತೂ ದೇವರನ್ನು ಬೈದೂ ಹಾಡಿದ್ದಾರೆ. ಆ ನಿಂದಾಸ್ತುತಿಗಳನ್ನು ಇಂದಿಗೂ ಪೂಜೆಯ ಮುಂದೆಯೇ ಹಾಡುತ್ತೇವೆ. ಕನಕದಾಸರು ತಮ್ಮ ಮನಸ್ಸಿಗೆ ತಲ್ಲಣಿಸದಿರು, ತಾಳು ಎಂದು ಹೇಳಿ, ಬೆಟ್ಟದ ತುದಿಯ ಗಿಡಕ್ಕೆ ನೀರೆರೆದವರು ಯಾರು ಎಂದು ಕೇಳುವ ಹಾಡನ್ನು ನಿಮ್ಮ ಮನೆಯಲ್ಲಿಯೂ ಹಾಡುತ್ತಿರಬಹುದು.

ಇನ್ನು ಹರಕೆಯ ವಿಚಾರ. ಹರಕೆ ಎಂದರೆ ಕೊಟ್ಟ ಮಾತು. ದೇವರು ಶಿಕ್ಷಿಸುವುದಿಲ್ಲ ಎಂದ ಮಾತ್ರಕ್ಕೆ ಅದನ್ನು ಕೈಬಿಡಬಹುದೆಂದು ನಾನು ಹೇಳಲಾರೆ, ಏಕೆಂದರೆ ಪ್ರೀತಿಸುವವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೇ ಗೌರವ. ಆದರೆ ತಡವಾದದ್ದು ದ್ರೋಹವಲ್ಲ. ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮುಡಿಪು ಕಟ್ಟಿಡುವುದು, ತಪ್ಪುಕಾಣಿಕೆ ಎಂದು ನಾಣ್ಯ ತೆಗೆದಿಡುವುದು ಇಂಥ ಅಡಚಣೆಗಳಿಗೆಂದೇ ಬೆಳೆದುಬಂದ ಪದ್ಧತಿಗಳು. ನೀವೂ ಒಂದು ದಿನ ದೀಪ ಹಚ್ಚಿ, ಕೈಲಾದಷ್ಟನ್ನು ಮುಡಿಪಾಗಿ ಕಟ್ಟಿ, ತಡವಾದದ್ದಕ್ಕೆ ಕಾರಣವನ್ನು ಸ್ವಾಮಿಯ ಮುಂದೆ ನಿಮ್ಮ ಮಾತಿನಲ್ಲೇ ಹೇಳಿಕೊಂಡು, ಅನುಕೂಲವಾದಾಗ ಹೋಗಿ ಒಪ್ಪಿಸಿ. ಹೊತ್ತದ್ದು ನಿಮ್ಮ ಶಕ್ತಿಗೆ ಮೀರಿದ್ದಾಗಿದ್ದರೆ, ಎಲೆ, ಹೂವು, ಹಣ್ಣು, ನೀರು ಯಾವುದನ್ನು ಭಕ್ತಿಯಿಂದ ಕೊಟ್ಟರೂ ಸ್ವೀಕರಿಸುತ್ತೇನೆ ಎಂಬ ಗೀತೆಯ ಮಾತು ನಿಮಗಾಗಿಯೇ ಇದೆ. ದಿನನಿತ್ಯದ ಪೂಜೆಯ ಕೊನೆಯಲ್ಲಿ ಹೇಳುವ ‘ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ’ ಎಂಬ ಶ್ಲೋಕವನ್ನು ಗಮನಿಸಿ: ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿಯೇ ಕೊರತೆಯಿದ್ದರೂ ಇದು ಪೂರ್ಣವಾಗಲಿ ಎಂದು ಕೇಳಿಕೊಳ್ಳುತ್ತೇವೆ. ಕ್ಷಮಾಪಣೆಯನ್ನು ಪೂಜೆಯ ಅಂಗವಾಗಿಯೇ ಇಟ್ಟಿರುವ ಸಂಪ್ರದಾಯದಲ್ಲಿ ಹರಕೆ ತಡವಾದದ್ದಕ್ಕೆ ಮಕ್ಕಳಿಗೆ ಜ್ವರ ಬರಿಸುವ ದೇವರಿಗೆ ಜಾಗವಿಲ್ಲ. ಜ್ವರ ಬಂದವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.

ನಿಮ್ಮ ಈ ಅಂಜಿಕೆಯನ್ನು ಕೇಳಿ, ದೋಷವಿದೆ, ಶಾಂತಿ ಮಾಡಿಸದಿದ್ದರೆ ಅನಾಹುತವಾಗುತ್ತದೆ ಎಂದು ಹೇಳಿ ಅದಕ್ಕೊಂದು ಬೆಲೆ ಕಟ್ಟುವವರು ಎದುರಾದರೆ ಅವರಿಂದ ದೂರವಿರಿ. ಹೆದರಿದವರ ಮನೆಗಳು ಇಂಥವರಿಂದ ಸಾಲಕ್ಕೆ ಬಿದ್ದಿವೆ. ನೋವಿನಲ್ಲಿರುವ ಮನುಷ್ಯನಿಗೆ ದೇವರ ಹೆಸರಿನಲ್ಲಿ ಮಾಡುವ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುವುದಿಲ್ಲ.

ನಿಮ್ಮ ಮಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಬಾಯಿ ಮುಚ್ಚು, ದೇವರು ಕೇಳಿಸಿಕೊಳ್ಳುತ್ತಾನೆ ಎಂದು ಯಾರೂ ಅವಳನ್ನು ಗದರಿಸದಿರಲಿ. ಅವಳಿಗೆ ಪ್ರಹ್ಲಾದನ ಕಥೆಯನ್ನು ಹೇಳುವಾಗ ಕಂಬ ಒಡೆದು ರಾಕ್ಷಸ ಸತ್ತಲ್ಲಿಗೆ ನಿಲ್ಲಿಸದೆ, ದೇವತೆಗಳೆಲ್ಲ ಹಿಂದೆ ಸರಿದಾಗ ಹುಡುಗ ಮುಂದೆ ಹೋದದ್ದನ್ನೂ, ವರ ಕೊಡುತ್ತೇನೆಂದಾಗ ಅವನು ಆಡಿದ ಮಾತನ್ನೂ, ಕೊನೆಗೆ ತನ್ನನ್ನು ಅಷ್ಟು ಹಿಂಸಿಸಿದ ತಂದೆ ಪರಿಶುದ್ಧನಾಗಲಿ ಎಂದು ಬೇಡಿಕೊಂಡದ್ದನ್ನೂ ಹೇಳಿ. ಹರಕೆ ಒಪ್ಪಿಸಲು ಹೋಗುವ ದಿನ ಅವಳನ್ನೂ, ಗುಣವಾದ ಮಗನನ್ನೂ, ಸಾಧ್ಯವಾದರೆ ಹಿರಿಯರನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿ.