ಬಿಲ್ಡ್ ಹಚ್ಚುವ ಮೊದಲು ಈ ಮೆನು ನೋಡಿ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ವಿಜಯಪುರದ ಹುಡುಗ ಒಂದು ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಹತ್ತಿರ ಬಂದು ನಿಂತ. "ಸರ್, ಎರಡು ಸಲ ಬಿಲ್ಡ್ ಹಚ್ಚೀನ್ರಿ. ಎರಡೂ ಸಲ ಕೊನೀಗೆ ಬಂದು ಬಿದ್ದೈತ್ರಿ."

ಆರ್ಮ್ ಪ್ರೊಸೆಸರಿನ ಬೋರ್ಡಿಗೆ ಬೇಕಾದ ಕಂಪೈಲರನ್ನು, ಅಂದರೆ ನಾವು ಬರೆದ ಕೋಡನ್ನು ಆ ಬೋರ್ಡಿನಲ್ಲಿ ಓಡುವ ಪ್ರೋಗ್ರಾಮಾಗಿ ಮಾಡುವ ಸಾಧನವನ್ನು, ಅವನು ಕ್ರಾಸ್‌ಟೂಲ್-ಎನ್‌ಜಿಯಲ್ಲಿ ಕಟ್ಟುತ್ತಿದ್ದ. ಈ ಕಟ್ಟುವ ಕೆಲಸವೇ ಬಿಲ್ಡ್. ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇತ್ಯಾದಿ), ಮೊದಲ ಚಿಕ್ಕ ಜಿಸಿಸಿ (ಜಿಸಿಸಿಯೇ ಕಂಪೈಲರ್), ಸಿ ಲೈಬ್ರರಿ, ಆಮೇಲೆ ಪೂರ್ತಿ ಜಿಸಿಸಿ. ಒಂದರ ಮೇಲೊಂದು ಕಟ್ಟುತ್ತಾ ಹೋಗುವ ಟೂಲ್ ಇದು. ಕೊನೆಯ ಹಂತದಲ್ಲಿ ಬಿದ್ದರೆ ಅಷ್ಟು ಹೊತ್ತಿನ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗೆ.

ಅವನು ನನಗೆ ತೋರಿಸಿದ್ದು ಪರದೆಯ ಕೊನೆಯ ನಾಲ್ಕು ಸಾಲು. ಅಲ್ಲಿ ಯಾವ ಹಂತದಲ್ಲಿ ಬಿತ್ತು ಅಂತ ಮಾತ್ರ ಇರುತ್ತದೆ. ಏಕೆ ಬಿತ್ತು ಅನ್ನುವುದು ಬಿಲ್ಡ್.ಲಾಗ್ ಫೈಲಿನಲ್ಲಿ ಎಲ್ಲೋ ಮೇಲೆ ಹೂತುಹೋಗಿರುತ್ತದೆ. ಒಂದು ಫೈಲ್ ಎಡವಿದರೂ ಜೊತೆಗೆ ಓಡುತ್ತಿರುವ ಉಳಿದ ಜಾಬ್‌ಗಳು ಮುಗಿಯುವ ತನಕ ಲಾಗಿಗೆ ಬರೆಯುತ್ತಲೇ ಇರುತ್ತವೆ. ಬಿಲ್ಡ್ ಕಮ್ಯಾಂಡ್‌ಗಳನ್ನು ಓಡಿಸುವ ಮೇಕ್ ಪ್ರೋಗ್ರಾಮ್ ಹೇಳುವ 'ಎರರ್ 2' ಸಾಮಾನ್ಯವಾಗಿ ಒಳಗಿನ ತಪ್ಪಿನ ಪ್ರತಿಧ್ವನಿ ಅಷ್ಟೇ. ಕೆಳಗಿನಿಂದ ಮೇಲಕ್ಕೆ ಹುಡುಕುತ್ತಾ ಹೋದೆವು. ಸುಮಾರು ಇನ್ನೂರು ಸಾಲು ಮೇಲೆ ಸಿಕ್ಕಿತು: ಸಿಸಿ1ಪ್ಲಸ್, ಕಿಲ್ಡ್. ಸಿಸಿ1ಪ್ಲಸ್ ಅಂದರೆ ಜಿಸಿಸಿಯ ಒಳಗಿನ ಸಿ++ ಕಂಪೈಲರ್. ಸೋರ್ಸಿನಲ್ಲಿ ತಪ್ಪೇ ಇರಲಿಲ್ಲ. ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ಲೇ ಅದನ್ನು ಕೊಂದಿತ್ತು.

ವರ್ಚುವಲ್ ಮೆಷಿನ್ನಿಗೆ ಅವನು ಕೊಟ್ಟಿದ್ದು 8 ಕೋರ್, 4 ಜಿಬಿ ರ‍್ಯಾಮ್. ಒಟ್ಟಿಗೆ ಎಷ್ಟು ಜಾಬ್ ಓಡಬೇಕು ಅನ್ನುವ 'ಪ್ಯಾರಲಲ್ ಜಾಬ್ಸ್' 0 ಅಂತ ಬಿಟ್ಟಿದ್ದ. 0 ಅಂದರೆ ಟೂಲ್ ಕೋರ್ ಎಣಿಸಿ ತಾನೇ ತೀರ್ಮಾನ ಮಾಡುತ್ತದೆ, ರ‍್ಯಾಮ್ ಎಷ್ಟಿದೆ ಅಂತ ನೋಡುವುದಿಲ್ಲ. ಜಿಸಿಸಿಯ ಕೆಲವು ಫೈಲ್‌ಗಳು ಒಂದೊಂದೇ ಜಾಸ್ತಿ ಮೆಮೊರಿ ತಿನ್ನುತ್ತವೆ. 2 ಅಂತ ಹಾಕಿಸಿದೆ.

ನನಗೆ ನಿಜವಾಗಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಮೊದಲೇ ಒಂದು ಆಪ್ಷನ್ ಆನ್ ಮಾಡಿದ್ದರೆ ಎರಡನೇ ಸಲ ಮೊದಲಿಂದ ಶುರು ಮಾಡುವ ಅಗತ್ಯವೇ ಇರುತ್ತಿರಲಿಲ್ಲ. ಟೂಲಿನ ಸೆಟ್ಟಿಂಗ್ಸ್ ಮೆನು ಆದ ಮೆನುಕಾನ್ಫಿಗ್‌ನಲ್ಲಿ 'ಪಾತ್ಸ್ ಅಂಡ್ ಮಿಸ್ಕ್ ಆಪ್ಷನ್ಸ್' ತೆರೆದು 'ಡೀಬಗ್ ಕ್ರಾಸ್‌ಟೂಲ್-ಎನ್‌ಜಿ' ಆನ್ ಮಾಡಿ. ಅದರಡಿ 'ಸೇವ್ ಇಂಟರ್‌ಮೀಡಿಯೆಟ್ ಸ್ಟೆಪ್ಸ್' ಇದೆ. ಅದನ್ನು ಹಾಕಿದರೆ ಪ್ರತಿ ಹಂತದ ಸ್ಥಿತಿ ಉಳಿಯುತ್ತದೆ. ಲಿಸ್ಟ್-ಸ್ಟೆಪ್ಸ್ ಕಮ್ಯಾಂಡ್ ಕೊಟ್ಟರೆ ಹಂತಗಳ ಹೆಸರು ಬರುತ್ತವೆ. ಹೆಸರಿನ ಕೊನೆಗೆ ಪ್ಲಸ್ ಹಾಕಿದರೆ ಅಲ್ಲಿಂದ ಮುಂದಕ್ಕೆ, ಮೊದಲಿಗೆ ಹಾಕಿದರೆ ಅಲ್ಲಿಯ ತನಕ ಓಡುತ್ತದೆ. ಬಿದ್ದ ಮೇಲೆ ಆನ್ ಮಾಡಿದರೆ ಏನೂ ಸಿಗುವುದಿಲ್ಲ, ಉಳಿಸಿದ್ದರೆ ತಾನೇ ತೆಗೆಯುವುದು! ಡಿಸ್ಕ್ ಜಾಗ ಹೋಗುತ್ತದೆ, ನಿಜ. ಕೊಡಿ, ಪರವಾಗಿಲ್ಲ. ಆದರೆ ನಡುವೆ ಜಿಸಿಸಿ ವರ್ಷನ್ನೋ ಸಿ ಲೈಬ್ರರಿಯೋ ಬದಲಾಯಿಸಿದರೆ ಹಳೆಯ ಹಂತದಿಂದ ಎತ್ತಿಕೊಳ್ಳಬೇಡಿ. ಕ್ಲೀನ್ ಮಾಡಿ ಹೊಸದಾಗಿ ಶುರು ಮಾಡಿ.

ಅದೇ ಜಾಗದಲ್ಲಿ ಇನ್ನೊಂದು ಇದೆ, 'ಇಂಟರಾಕ್ಟಿವ್ ಶೆಲ್ ಆನ್ ಫೇಲ್ಡ್ ಕಮ್ಯಾಂಡ್ಸ್'. ಕಮ್ಯಾಂಡ್ ಬಿದ್ದ ಕಡೆಯೇ ಶೆಲ್, ಅಂದರೆ ನಾವು ಕಮ್ಯಾಂಡ್ ಟೈಪ್ ಮಾಡುವ ಜಾಗ, ತೆರೆಯುತ್ತದೆ. ಸರಿಪಡಿಸಿ ಹೊರಬಂದರೆ ನಿಲ್ಲಿಸಲೋ, ಮತ್ತೆ ಓಡಿಸಲೋ, ಮುಂದೆ ಹೋಗಲೋ ಅಂತ ಕೇಳುತ್ತದೆ. ಎದುರಿಗೆ ಕೂತಿದ್ದಾಗ ಇದರಂಥ ಸಹಾಯ ಇನ್ನೊಂದಿಲ್ಲ. ರಾತ್ರಿ ಸರ್ವರಿನಲ್ಲಿ ತಾನಾಗಿ ಓಡುವ ಬಿಲ್ಡಿಗೆ ಮಾತ್ರ ಇದು ಬೇಡ.

ಬುಧವಾರ ಅವನ ಬಿಲ್ಡ್ ಮತ್ತೊಮ್ಮೆ ನಿಂತಿತು, ಈ ಸಲ ಡಿಸ್ಕ್ ತುಂಬಿ. ಜಾಗ ಮಾಡಿಕೊಂಡು ನಿಂತ ಹಂತದ ಹೆಸರಿಗೆ ಪ್ಲಸ್ ಹಾಕಿ ಹಚ್ಚಿದ. ಊಟ ಮುಗಿಸಿ ಬರುವಷ್ಟರಲ್ಲಿ ಅವನ ಹೋಮ್ ಫೋಲ್ಡರಿನ ಎಕ್ಸ್-ಟೂಲ್ಸ್ ಒಳಗೆ ಕಂಪೈಲರ್ ಬಂದು ಕೂತಿತ್ತು.