ಸೀಳು ತುಟಿ, ಸೀಳು ಅಂಗುಳ: ಜೀನ್‌ಗಳ ಪಾತ್ರ ಎಷ್ಟು?

ಗರ್ಭದಲ್ಲಿ ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಸುಮಾರು 4ರಿಂದ 7ನೇ ವಾರದೊಳಗೆ. ಅಂಗುಳ ಮುಚ್ಚುವುದು ಅದಾದ ಮೇಲೆ. ಎರಡು ಬದಿಯ ಅಂಗಾಂಶ ಬಂದು ಸೇರದಿದ್ದರೆ ಸೀಳು ಉಳಿಯುತ್ತದೆ. ಜಗತ್ತಿನಲ್ಲಿ ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ.

ಓದುವ ಮೊದಲು ಒಂದು ಗೆರೆ ಎಳೆದುಕೊಳ್ಳಿ. ಸೀಳು ತುಟಿ ಒಂದು ಗುಂಪು, ಅದರ ಜೊತೆ ಅಂಗುಳ ಸೀಳಿದ್ದರೂ ಅದೇ ಗುಂಪು. ಬರೀ ಅಂಗುಳ ಸೀಳಿದ್ದರೆ ಅದು ಬೇರೆ. ಡೆನ್ಮಾರ್ಕಿನ ವೈದ್ಯ ಪೌಲ್ ಫೋಗ್-ಆಂಡರ್ಸನ್ 1942ರಲ್ಲೇ ಇದನ್ನು ತೋರಿಸಿದರು: ಕುಟುಂಬಗಳಲ್ಲಿ ಇವೆರಡೂ ಬೇರೆ ಬೇರೆಯಾಗಿ ಹರಿದು ಬರುತ್ತವೆ. ಮೊದಲನೆಯದು ಗಂಡುಮಕ್ಕಳಲ್ಲಿ ಜಾಸ್ತಿ, ಎರಡನೆಯದು ಹೆಣ್ಣುಮಕ್ಕಳಲ್ಲಿ.

ಆಮೇಲೆ ಕೇಳಬೇಕಾದದ್ದು, ಸೀಳೊಂದೇ ಇದೆಯೋ ಅಥವಾ ಬೇರೆ ಲಕ್ಷಣಗಳೂ ಇವೆಯೋ ಎಂದು. ಸೀಳು ತುಟಿಯ ಮಕ್ಕಳಲ್ಲಿ ಸುಮಾರು ಶೇ 70ರಷ್ಟು ಮಂದಿಗೆ ಬೇರೇನೂ ತೊಂದರೆ ಇರುವುದಿಲ್ಲ. ಉಳಿದವರಲ್ಲಿ ಸಿಂಡ್ರೋಮ್, ಅಂದರೆ ಹಲವು ಲಕ್ಷಣಗಳು ಒಟ್ಟಾಗಿ ಬರುವ ಕಾಯಿಲೆ, ಇದೆಯೇ ಎಂದು ಹುಡುಕಬೇಕು.

ಒಂದೇ ಒಂದು ಜೀನ್ ಚೆನ್ನಾಗಿ ಕಲಿಯುವುದಾದರೆ ಐಆರ್‌ಎಫ್6 ಕಲಿಯಿರಿ. ಇದು ಚರ್ಮದ ಜೀವಕೋಶಗಳು ಬಲಿಯಲು ಬೇಕು. ಬಾಯಿಯೊಳಗಿನ ಅಂಗಾಂಶಗಳು ತಪ್ಪು ಜಾಗಕ್ಕೆ ಅಂಟಿಕೊಳ್ಳದಂತೆ ತಡೆಯುವ ತೆಳು ಪದರಕ್ಕೂ ಬೇಕು. ನಮ್ಮಲ್ಲಿರುವ ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ವಾನ್ ಡರ್ ವೌಡ ಸಿಂಡ್ರೋಮ್ ಬರುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಗುರುತು ಏನೆಂದರೆ ಕೆಳದುಟಿಯಲ್ಲಿ ಪುಟ್ಟ ಗುಳಿಗಳು. ಇಲ್ಲಿ ಮೇಲೆ ಎಳೆದ ಗೆರೆಯೂ ಅಳಿಸಿಹೋಗುತ್ತದೆ: ಒಂದೇ ಮನೆಯಲ್ಲಿ ಒಬ್ಬರಿಗೆ ಸೀಳು ತುಟಿ, ಇನ್ನೊಬ್ಬರಿಗೆ ಬರೀ ಅಂಗುಳದ ಸೀಳು, ಮತ್ತೊಬ್ಬರಿಗೆ ಸುಮ್ನೆ ಗುಳಿ ಮಾತ್ರ.

ಇದೇ ಜೀನ್‌ಗೆ ಇನ್ನೊಂದು ಮುಖವಿದೆ. 2008ರಲ್ಲಿ ಅದರ ಹತ್ತಿರದ ಡಿಎನ್‌ಎಯಲ್ಲಿ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿತು. ಜೀನ್ ಎಂಬ ಬಲ್ಬ್ ಸರಿಯಾಗೇ ಇದೆ, ಅದನ್ನು ಹೊತ್ತಿಸುವ ಸ್ವಿಚ್ಚಿನಲ್ಲಿ ಬದಲಾವಣೆ ಆಗಿದೆ, ಅಷ್ಟೇ. ಈ ವ್ಯತ್ಯಾಸ ಆರೋಗ್ಯವಂತರಲ್ಲೂ ಧಾರಾಳವಾಗಿ ಇರುತ್ತದೆ. ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆಯೇ ಹೊರತು ಅದೊಂದರಿಂದಲೇ ಸೀಳು ಆಗುವುದಿಲ್ಲ. 'ಕಾರಣ'ಕ್ಕೂ 'ಅಪಾಯ'ಕ್ಕೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು ಅನ್ನಿಸುತ್ತದೆ.

8ನೇ ಕ್ರೋಮೋಸೋಮಿನ 8ಕ್ಯೂ24 ಜಾಗವೂ ಹೀಗೆಯೇ. 2009ರಲ್ಲಿ ಯುರೋಪಿನವರಲ್ಲಿ ಸೀಳು ತುಟಿಗೂ ಇದಕ್ಕೂ ಬಲವಾದ ನಂಟು ಕಂಡಿತು. ಆದರೆ ಆ ಜಾಗದಲ್ಲಿ ಜೀನೇ ಇಲ್ಲ, ದೂರದ ಜೀನ್‌ಗಳನ್ನು ನಿಯಂತ್ರಿಸುವ ತುಣುಕುಗಳಿವೆ.

ಹಾಗಾದರೆ ಎಲ್ಲವೂ ಜೀನ್ ಕೈಯಲ್ಲೇ ಇದೆಯಾ? ಇಲ್ಲ. ಜೀನ್‌ಗಳೆಲ್ಲ ಒಂದೇ ಥರ ಇರುವ ಅವಳಿಗಳಲ್ಲೂ ಒಬ್ಬರಿಗೆ ಸೀಳಿದ್ದರೆ ಇನ್ನೊಬ್ಬರಿಗೂ ಇರುವುದು ಸರಿಸುಮಾರು ಅರ್ಧದಷ್ಟು ಸಲ ಮಾತ್ರ. ಗರ್ಭಿಣಿಯ ಧೂಮಪಾನ, ಮೊದಲೇ ಇದ್ದ ಮಧುಮೇಹ, ವಾಲ್‌ಪ್ರೊಯೇಟ್, ಟೊಪಿರಾಮೇಟ್‌ನಂಥ ಅಪಸ್ಮಾರದ ಮಾತ್ರೆಗಳೂ ಅಪಾಯ ಹೆಚ್ಚಿಸುತ್ತವೆ. ಆದರೆ ಇವು ಯಾವುವೂ ಇಲ್ಲದೆ ಸೀಳು ಆಗುವುದೂ ತುಂಬಾ ಸಾಮಾನ್ಯ. ಹಾಗಾಗಿ ತಾಯಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ತಂದೆತಾಯಿಗೆ ಸೀಳಿಲ್ಲ, ಮೊದಲ ಮಗುವಿಗೆ ಸೀಳು ತುಟಿಯೊಂದೇ ಇದೆ ಎಂದರೆ, ಮುಂದಿನ ಮಗುವಿಗೆ ಬರುವ ಸಾಧ್ಯತೆ ಶೇ 3ರಿಂದ 5ರ ಆಸುಪಾಸು. ಆದರೆ ಈ ಲೆಕ್ಕ ಹೇಳುವ ಮೊದಲು ಅಪ್ಪ ಅಮ್ಮ ಇಬ್ಬರ ಕೆಳದುಟಿಯನ್ನೂ ನೋಡಲೇಬೇಕು. ಅಲ್ಲಿ ಆ ಗುಳಿ ಕಂಡರೆ, ಜೀನ್‌ನ ಕೆಟ್ಟ ಪ್ರತಿಯು ಮಗುವಿಗೆ ದಾಟುವ ಸಾಧ್ಯತೆ ಶೇ 50.